ತಿಗಣೆಗಳ ಕಾಲಿನಲ್ಲಿ ಸದ್ದಿನ ಅಂಗ ಹುಡುಕಿ ವಿಂಗಡಿಸುವುದು ಹೇಗೆ?

ತಿಗಣೆ ಗುಂಪಿನ, ಅಂದರೆ ಹೆಟೆರಾಪ್ಟೆರಾ ಕೀಟದ ಕಾಲಿನ ಮೇಲೆ ಸಾಲು ಹಲ್ಲುಗಳು ಕಂಡ ಕೂಡಲೇ ಅದನ್ನು ಸದ್ದಿನ ಅಂಗ ಅಂತ ಬರೆದುಬಿಡಬೇಡಿ. ಉಜ್ಜಿ ಸದ್ದು ಮಾಡೋಕೆ ಎರಡು ಭಾಗ ಬೇಕು. ಅರದ ಹಾಗೆ ಗೆರೆಗಳೋ ಗುಬುಟುಗಳೋ ಇರುವ ಜಾಗ ಸ್ಟ್ರಿಡ್ಯುಲಿಟ್ರಮ್. ಅದನ್ನು ಕೆರೆಯುವ ಅಂಚು ಅಥವಾ ಮೊನೆ ಪ್ಲೆಕ್ಟ್ರಮ್. ಜೋಡಿ ಸಿಗುವವರೆಗೆ ಹೆಸರು ಕೊಡಬೇಡಿ.

ಒಣಗಿದ ಮಾದರಿಯಾದರೆ ಮೊದಲು ತೇವದ ಡಬ್ಬಿಯಲ್ಲಿಟ್ಟು ಕೀಲು ಸಡಿಲ ಮಾಡಿ, ಇಲ್ಲದಿದ್ದರೆ ಕಾಲು ಮುರಿಯುತ್ತದೆ. ಆಲ್ಕೋಹಾಲ್‌ನಿಂದ ತೆಗೆದದ್ದಾದರೆ ಮೈ ಆರಲಿ, ಒದ್ದೆ ಹೊಳಪಿನಲ್ಲಿ ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ. ಮೈಕ್ರೋಸ್ಕೋಪ್ ಕೆಳಗೆ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಡಿ. ಆಮೇಲೆ ಸೂಜಿಯಿಂದ ಕಾಲನ್ನು ನಿಧಾನವಾಗಿ ಆಡಿಸಿ, ಅದು ಸಹಜವಾಗಿ ತಿರುಗುವ ದಾರಿಯಲ್ಲಿ ಎರಡು ಭಾಗಗಳೂ ಒಂದಕ್ಕೊಂದು ತಾಗುತ್ತವೆಯಾ ನೋಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ.

ವಿಂಗಡಣೆಗೆ ಕೇಳಬೇಕಾದ ಪ್ರಶ್ನೆ: ಯಾವ ಕಾಲಿನ ಯಾವ ಭಾಗ, ಯಾವುದಕ್ಕೆ ಉಜ್ಜುತ್ತದೆ? ಕೊರಿಕ್ಸಿಡೇ ಕುಟುಂಬದ ನೀರಿನ ತಿಗಣೆಗಳಲ್ಲಿ ಮುಂಗಾಲಿನ ತೊಡೆಯ ಒಳಮೈಯಲ್ಲಿ ಸಣ್ಣ ಗೂಟಗಳ ಒಂದು ಪಟ್ಟಿ ಇರುತ್ತದೆ, ಅದು ತಲೆಯ ಪಕ್ಕದ ಅಂಚಿಗೆ ಉಜ್ಜುತ್ತದೆ. ಬೆನ್ನಡಿಯಾಗಿ ಈಜುವ ಅನಿಸಾಪ್ಸ್, ಬ್ಯುಯೆನೋವಾ ಕುಲಗಳ ಗಂಡುಗಳಲ್ಲಿ ಮುಂಗಾಲಿನ ತೊಡೆಯ ಕೆಳಗಿನ ಭಾಗವಾದ ಟಿಬಿಯಾದ ಮೇಲೆ ಬಾಚಣಿಗೆ, ಸೊಂಡಿಲಿನ ಪಕ್ಕದಲ್ಲಿ ಅದಕ್ಕೆ ಜೋಡಿಯಾದ ಚಾಚು. ಈ ಬಾಚಣಿಗೆಯ ಹಲ್ಲುಗಳನ್ನು ತಪ್ಪದೆ ಎಣಿಸಿ, ಪ್ರಭೇದ ಗುರುತಿಸೋಕೆ ಉಪಯೋಗಕ್ಕೆ ಬರುತ್ತದೆ. ಕಡ್ಡಿಯಂತೆ ಉದ್ದನೆಯ ನೀರಿನ ತಿಗಣೆ ರನಾಟ್ರಾದಲ್ಲಿ ಮುಂಗಾಲಿನ ಬುಡವಾದ ಕಾಕ್ಸಾ ತಾನು ಕೂತಿರುವ ಗುಳಿಗೇ ಉಜ್ಜುತ್ತದೆ. ನೆಲದ ಮೇಲಿನವುಗಳಲ್ಲಿ ಹಿಂಗಾಲೇ ಜಾಸ್ತಿ: ಗುರಾಣಿ ತಿಗಣೆಗಳ ಉಪಕುಟುಂಬವಾದ ಪ್ಯಾಕಿಕೊರಿನೇಗಳಲ್ಲಿ ಹಿಂಗಾಲಿನ ಟಿಬಿಯಾ, ನಾರುವ ತಿಗಣೆಗಳ ಕುಲವಾದ ಮೆಸಿಡಿಯಾದಲ್ಲಿ ಹಿಂಗಾಲಿನ ತೊಡೆ, ಎರಡೂ ಹೊಟ್ಟೆಯ ಅಡಿಭಾಗದ ಗೆರೆಪಟ್ಟಿಗೆ ತಾಗುತ್ತವೆ.

ಮೋಸ ಮಾಡುವ ಭಾಗಗಳೂ ಇವೆ. ಟಿಬಿಯಾದ ತುದಿಯ ಬಾಚಣಿಗೆ ಎಷ್ಟೋ ತಿಗಣೆಗಳಲ್ಲಿ ಮೈ ಒರೆಸಿಕೊಳ್ಳೋಕೆ ಇರುವುದು. ಕೊರಿಕ್ಸಿಡೇ ಗಂಡುಗಳ ಹೊಟ್ಟೆಯ ಬೆನ್ನಮೇಲಿನ ಸ್ಟ್ರಿಜಿಲ್ (ಬಾಚಣಿಗೆಯಂಥ ಸಾಲುಗಳಿರುವ ಸಣ್ಣ ಫಲಕ) ಅನ್ನೂ ಮುಂಗಾಲಿನ ಪಾದದ ಗೂಟಗಳನ್ನೂ ಹಿಂದೆ ಸದ್ದಿನ ಅಂಗ ಎಂದೇ ನಂಬಿದ್ದರು. ಪಾದದ ಆ ಗೂಟಗಳು ಕೂಡುವಾಗ ಹೆಣ್ಣನ್ನು ಹಿಡಿದುಕೊಳ್ಳೋಕೆ. ಇನ್ನು ಬೇಟೆಗಾರ ತಿಗಣೆಗಳಾದ ರೆಡುವಿಡೇಗಳು ಸೊಂಡಿಲಿನ ತುದಿಯನ್ನು ಎದೆಯಡಿಯ ಗೆರೆಗೆರೆ ಕಾಲುವೆಗೆ ಉಜ್ಜುತ್ತವೆ, ಕಾಲಿಗೆ ಅಲ್ಲಿ ಕೆಲಸವೇ ಇಲ್ಲ, ಹಾಗಾಗಿ ಅವನ್ನು ಈ ಪಟ್ಟಿಗೆ ಸೇರಿಸಬೇಡಿ.

ಒಂದೇ ಥರದ ಜೋಡಿ ಕಂಡಿತು ಅಂತ ಎರಡು ಕುಟುಂಬಗಳನ್ನು ಹತ್ತಿರದ ನೆಂಟರು ಅಂದುಕೊಳ್ಳಬೇಡಿ, ಈ ಅಂಗಗಳು ಬೇರೆ ಬೇರೆ ಕಡೆ ತಮ್ಮಷ್ಟಕ್ಕೆ ಹುಟ್ಟಿಕೊಂಡಿವೆ. ಟಿಪ್ಪಣಿಯಲ್ಲಿ ಎರಡೂ ಭಾಗಗಳ ಜಾಗ, ಗಂಡೋ ಹೆಣ್ಣೋ, ಸದ್ದನ್ನು ಕಿವಿಯಾರೆ ಕೇಳಿದ್ದೋ ಅಥವಾ ರಚನೆ ನೋಡಿ ಊಹಿಸಿದ್ದೋ, ಇಷ್ಟನ್ನು ಬೇರೆ ಬೇರೆಯಾಗಿ ಬರೆಯಿರಿ.