ಶಾಸನದ ಅಚ್ಚು ಊರಿನವರ ಕೈಯಲ್ಲೇ: ನನ್ನ ಅನುಭವ

ಶಾಸನದ ಕಲ್ಲಿಗೆ ಒದ್ದೆ ಕಾಗದ ಒತ್ತಿ, ಮೇಲೆ ಮಸಿ ಮುಟ್ಟಿಸಿ ಅಕ್ಷರಗಳ ಅಚ್ಚು ತೆಗೆಯುತ್ತಾರೆ. ಊರಿನವರ ಕೈಗೆ ಡ್ಯಾಬರ್ (ಮಸಿ ಮುಟ್ಟಿಸುವ ಉಂಡೆ) ಕೊಟ್ಟರೆ ಅಚ್ಚೂ ಕೆಡುತ್ತದೆ, ಕಲ್ಲೂ ಕೆಡುತ್ತದೆ ಎಂದವರೇ ಹೆಚ್ಚು. ಮದ್ದೂರು, ನಾಗಮಂಗಲದ ಕಡೆ ಈಗ 40ರ ಆಸುಪಾಸು ಕಲ್ಲುಗಳ ಅಚ್ಚನ್ನು ಊರಿನವರೇ ತೆಗೆದಿದ್ದಾರೆ. ಓದಲಾಗದೆ ಉಳಿದವು ಐದೋ ಆರೋ.

ಮೊದಮೊದಲು ಕೆಟ್ಟದ್ದೆಲ್ಲ ತೇವದ ಹದದಲ್ಲಿ. ಕಾಗದ ಹಸಿಯಿರುವಾಗ ಮಸಿ ಮುಟ್ಟಿಸಿದರೆ ಅಕ್ಷರದ ಗುಳಿಗೂ ಇಳಿದು ಹಾಳೆಯೆಲ್ಲ ಕಪ್ಪು. ಪೂರ್ತಿ ಒಣಗಲು ಬಿಟ್ಟರೆ ಅಂಚಿನಿಂದ ಏಳುತ್ತದೆ. ಅಂಗೈ ಹಿಂಬದಿ ಒತ್ತಿದಾಗ ತಂಪು ತಿಳಿಯಬೇಕು, ತೇವ ಅಂಟಬಾರದು. ಬೇಸಿಗೆಯಲ್ಲಿ ಬೆಳಿಗ್ಗೆ 6ಕ್ಕೆ ಶುರುಮಾಡಿ 9ರೊಳಗೆ ಮುಗಿಸಲೇಬೇಕು. ಎಣ್ಣೆ, ಕುಂಕುಮ ಮೆತ್ತಿದ ವೀರಗಲ್ಲಿಗೆ ಕಾಗದ ಹಿಡಿಯುವುದೇ ಇಲ್ಲ. ಹಾಗೆಂದು ತಂತಿ ಬ್ರಷ್, ಆಸಿಡ್ ಮುಟ್ಟಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ, ಬೆಳಕು ಕಲ್ಲಿನ ಮೈ ಸವರುವಂತೆ ಹಿಡಿದು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ರಾಗಿಹಿಟ್ಟು ಉಜ್ಜಿಯೂ ನೋಡಿದ್ದಾಯಿತು. ಇರುವೆ ಮುತ್ತಿತು, ಬಿರುಕಿನ ಹಿಟ್ಟು ತೆಗೆಯಲು ಎರಡು ದಿನ ಹಿಡಿಯಿತು.

ಕಾಗದ, ಮಸಿ, ಅಂಟು ಸೇರಿ ಈಗ ಕಲ್ಲೊಂದಕ್ಕೆ ಸುಮಾರು 150 ರೂಪಾಯಿ. ಮೊದಲ ವರ್ಷ ಹಾಳಾದ ಕಾಗದಕ್ಕೇ ಐದಾರು ಸಾವಿರ ಹೋಗಿತ್ತು. ಮಸಿಗೆ ಅಂಟು ಎಷ್ಟೆಂಬುದನ್ನು ಮಾತ್ರ ಬರೆಯುವುದಿಲ್ಲ. ಜೊತೆಗೆ ಕೂತವರಿಗೆ ಕಲಿಸುತ್ತೇನೆ.

ಕಲ್ಲು ಉಳಿಯುವುದು ಅಚ್ಚಿನಿಂದಲ್ಲ, ಓದಿನಿಂದ. ಮೇಲೆ ಕೆತ್ತಿದ ಸೂರ್ಯ-ಚಂದ್ರರನ್ನು ನಿಧಿಯ ಗುರುತೆಂದು ನಂಬಿ ರಾತ್ರಿ ಬುಡ ಅಗೆಯುವವರಿದ್ದಾರೆ. ಅದಕ್ಕೇ ಅಚ್ಚು ಒಣಗುತ್ತಿದ್ದಂತೆ ಕಲ್ಲಿನ ಮುಂದೆಯೇ ಊರಿನವರಿಂದ ಗಟ್ಟಿಯಾಗಿ ಓದಿಸುತ್ತೇವೆ; ತಾಳೆ ನೋಡಲು, ಶಾಸನಗಳ ಪಾಠವನ್ನು ಜಿಲ್ಲಾವಾರು ಕೊಡುವ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟ ಪಕ್ಕದಲ್ಲಿರುತ್ತದೆ. ವಿಜಯನಗರ ಕಾಲದ ಲಿಪಿಯನ್ನು ಹೈಸ್ಕೂಲು ಮಕ್ಕಳು ಬೇಗ ಹಿಡಿಯುತ್ತಾರೆ. ದಾನ ಕೊಟ್ಟ ಗದ್ದೆಯ ಚತುಸ್ಸೀಮೆ (ನಾಲ್ಕು ಕಡೆಯ ಗಡಿ), ಕೆರೆಯ ಹೆಸರು, ಕೊನೆಗೆ ದಾನ ಕೆಡಿಸಿದವರಿಗೆ ಗಂಗೆಯ ತಡಿಯಲ್ಲಿ ಕಪಿಲೆ ಹಸುವ ಕೊಂದ ಪಾಪದ ಶಾಪ: ಇವು ಬಂದಾಗ ಸೂರ್ಯ-ಚಂದ್ರರಿರುವವರೆಗೂ ದಾನ ನಡೆಯಲಿ ಎಂಬುದೇ ಆ ಗುರುತಿನ ಅರ್ಥವೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ವೀರಗಲ್ಲಾದರೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಿಂದ ಮಾತು ತೆಗೆಯುತ್ತೇನೆ. 10ನೇ ಶತಮಾನದಲ್ಲಿ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೂ ಕಲ್ಲು ನಿಲ್ಲಿಸಿದ ತಾಲ್ಲೂಕು ನಮ್ಮದು ಎಂದರೆ ಮದ್ದೂರಿನವರ ಕಣ್ಣು ಅರಳುತ್ತದೆ.

ಓದಿದ ಹುಮ್ಮಸ್ಸಿನಲ್ಲಿ ವಾಲಿದ ಕಲ್ಲನ್ನು ನೆಟ್ಟಗೆ ಮಾಡಲು ಜೆಸಿಬಿ ಕರೆಸುತ್ತಾರೆ, ತಡೆಯಿರಿ. ಕೆಳಗಿನ ಸಾಲುಗಳು ಎಷ್ಟೋ ಸಲ ಮಣ್ಣಿನೊಳಗಿರುತ್ತವೆ, ಬಕೆಟ್ಟಿನ ಹಲ್ಲು ಮೊದಲು ತಾಗುವುದೇ ಅಲ್ಲಿಗೆ. ಪುರಾತತ್ವ ಇಲಾಖೆಗೆ ಪಂಚಾಯಿತಿಯ ಕಾಗದ ಹೋಗಲಿ, ಜೊತೆಗೆ ಅಚ್ಚಿನ ಒಂದು ಪ್ರತಿ. ಇನ್ನೊಂದು ಪ್ರತಿ ಊರ ಶಾಲೆಯ ಗೋಡೆಗೆ.