ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೀರಾ? ಪ್ರಯಾಣ ವಿಮೆ ಕೊಳ್ಳುವುದು, ಕ್ಲೇಮ್ ಮಾಡುವುದು ಹೀಗೆ

ಮಗಳ ಬಾಣಂತನಕ್ಕೆಂದು ಡಲ್ಲಾಸ್‌ಗೋ ಸಿಯಾಟಲ್‌ಗೋ ಹೊರಡುವ ಅಪ್ಪ-ಅಮ್ಮ ಅಂಟಿನುಂಡೆ, ಸಾರಿನ ಪುಡಿ, ಮೆಂತ್ಯದ ಹಿಟ್ಟನ್ನು ತಿಂಗಳ ಮೊದಲೇ ಹೊಂದಿಸಿಕೊಳ್ಳುತ್ತಾರೆ. ವಿಮೆ ಮಾತ್ರ ಕೊನೆ ಗಳಿಗೆಯ ಕೆಲಸ. ಎಷ್ಟು ಕವರ್ ಇದೆ, ಬಿಪಿ ಇರುವವರಿಗೆ ಏನು ಸಿಗುತ್ತದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ಎದೆನೋವು ಬಂದ ರಾತ್ರಿ ಇಮೇಲ್‌ನಲ್ಲಿ ಪಾಲಿಸಿ ಹುಡುಕಾಡುತ್ತಾರೆ. ಹೀಗೆ ಹಣ ಕಳೆದುಕೊಂಡವರನ್ನು ಹತ್ತಿರದಿಂದ ನೋಡಿದ್ದೇನೆ. ಹಾಗೆ ಆಗಬೇಕಾಗಿರಲಿಲ್ಲ.

ಹಂತ 1: ಪಾಲಿಸಿ ಆರಿಸಿ

ವಿಮಾನದ ಟಿಕೆಟ್ ಬುಕ್ ಮಾಡುವಾಗ ಕೆಳಗೆ ಟಿಕ್ ಹಾಕಿ ಕೊಳ್ಳುವ ವಿಮೆ ಬೇಡವೇ ಬೇಡ. ಹಿರಿಯರಿಗೆ ಅದು ಸಾಲುವುದಿಲ್ಲ. ಬೇರೆಯಾಗಿ ಕೊಳ್ಳಿ, ಅದೂ ಊರು ಬಿಡುವ ಮೊದಲು. ಹೊರಟ ಮೇಲೆ ಇಲ್ಲಿನ ಕಂಪನಿಗಳು ಸಾಮಾನ್ಯವಾಗಿ ಪಾಲಿಸಿ ಕೊಡುವುದಿಲ್ಲ.

ಯುರೋಪಿನ ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅಮೆರಿಕದ ಪ್ರವಾಸಿ ವೀಸಾಗೆ ಅಂಥ ನಿಯಮ ಇಲ್ಲ. ಅದಕ್ಕೇ ಜನ ಸಸಾರ ಮಾಡುತ್ತಾರೆ. ಆದರೆ ಆಸ್ಪತ್ರೆ ಖರ್ಚು ಅಮೆರಿಕದಲ್ಲೇ ಜಾಸ್ತಿ ಅಲ್ವಾ? 1 ಲಕ್ಷ ಡಾಲರ್‌ಗಿಂತ ಕಡಿಮೆ ಕವರ್ ಕೊಳ್ಳಬೇಡಿ.

ಮುಖಪುಟದ ದೊಡ್ಡ ಅಂಕಿ ನೋಡಿ ನಿಲ್ಲಿಸಬೇಡಿ. ಒಳಗೆ ಸಬ್‌ಲಿಮಿಟ್ ಎಂಬ ಪಟ್ಟಿ ಇರುತ್ತದೆ. ಹಲವು ಪಾಲಿಸಿಗಳಲ್ಲಿ 60 ದಾಟಿದವರಿಗೆ ರೂಮಿಗೆ ದಿನಕ್ಕೆ ಇಷ್ಟು, ಐಸಿಯುಗೆ ಇಷ್ಟು, ಆಪರೇಷನ್‌ಗೆ ಇಷ್ಟು ಎಂದು ಕಟ್ಟು ಹಾಕಿರುತ್ತಾರೆ. ಆಪರೇಷನ್‌ಗೆ 10,000 ಡಾಲರ್ ಮಿತಿ ಇದ್ದರೆ, ಹೊರಗೆ 1 ಲಕ್ಷ ಎಂದು ಬರೆದಿದ್ದೂ ಪ್ರಯೋಜನಕ್ಕೆ ಬರುವುದಿಲ್ಲ. ಸಬ್‌ಲಿಮಿಟ್ ಇಲ್ಲದ ಪಾಲಿಸಿಗೆ ಪ್ರೀಮಿಯಂ ಜಾಸ್ತಿ. ಅದನ್ನೇ ಕೊಳ್ಳಿ. ಉಳಿತಾಯ ಬೇಕಿದ್ದರೆ ಬ್ಯಾಗ್, ವಿಮಾನ ವಿಳಂಬದಂಥ ಕವರ್‌ಗಳನ್ನು ಬಿಡಬಹುದು.

ಡಿಡಕ್ಟಿಬಲ್ ಎಂದರೆ ನಿಮ್ಮ ಜೇಬಿನ ಪಾಲು. ಅದು 100 ಡಾಲರ್ ಇದ್ದು ಬಿಲ್ 350 ಬಂದರೆ ಕಂಪನಿ ಕೊಡುವುದು 250.

ಹಂತ 2: ಫಾರಂನಲ್ಲಿ ನಿಜ ಬರೆಯಿರಿ

"ಶುಗರ್ ಕಂಟ್ರೋಲ್‌ನಲ್ಲಿದೆ, ಇಲ್ಲ ಅಂತ ಹಾಕ್ಬಿಡಿ" ಎನ್ನುವ ಏಜೆಂಟ್‌ಗಳು ಇದ್ದಾರೆ. ಅವರ ಮಾತು ಕೇಳಬೇಡಿ. ಮಾತ್ರೆಯಿಂದ ಹತೋಟಿಯಲ್ಲಿದ್ದರೂ ಅದು ಮೊದಲೇ ಇದ್ದ ಕಾಯಿಲೆಯೇ. ಆಸ್ಪತ್ರೆಯಲ್ಲಿ ನರ್ಸ್ ಮೊದಲು ಕೇಳುವುದೇ "ಯಾವ ಮಾತ್ರೆ, ಎಷ್ಟು ವರ್ಷದಿಂದ?" ಎಂದು. ನೀವು "ಹತ್ತು ವರ್ಷದಿಂದ ಬಿಪಿ" ಎನ್ನುತ್ತೀರಿ. ಅದು ದಾಖಲೆಗೆ ಹೋಗುತ್ತದೆ. ಆ ದಾಖಲೆ ತರಿಸಿಕೊಳ್ಳಲು ಕ್ಲೇಮ್ ಮಾಡುವಾಗ ನೀವೇ ವಿಮಾ ಕಂಪನಿಗೆ ಸಹಿ ಹಾಕಿ ಒಪ್ಪಿಗೆ ಕೊಟ್ಟಿರುತ್ತೀರಿ. ಫಾರಂನಲ್ಲಿ "ಇಲ್ಲ", ಆಸ್ಪತ್ರೆಯ ಕಾಗದದಲ್ಲಿ "ಹತ್ತು ವರ್ಷ". ಇಷ್ಟು ಸಾಕು, ಕ್ಲೇಮ್ ಬಿದ್ದುಹೋಗಲು.

ನಿಜ ಬರೆದರೂ ಒಂದು ಮಿತಿ ಇದೆ. ಮೊದಲೇ ಇದ್ದ ಕಾಯಿಲೆಗೆ ಹಲವು ಪಾಲಿಸಿಗಳು ಪ್ರಾಣಾಪಾಯದ ಸ್ಥಿತಿಯಲ್ಲಿ ಮಾತ್ರ, ಅಪಾಯ ಕಳೆಯುವವರೆಗೆ ಮಾತ್ರ ಖರ್ಚು ಕೊಡುತ್ತವೆ. ಎಷ್ಟು ಡಾಲರ್‌ವರೆಗೆ ಎಂದು ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ.

ಹಂತ 3: ಹೊರಡುವ ಮೊದಲು

ಪಾಲಿಸಿ ನಂಬರ್ ಮತ್ತು ಸಹಾಯವಾಣಿ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅಮ್ಮನ ಪರ್ಸಿನಲ್ಲಿಡಿ, ಮಗಳ ಫೋನಿಗೂ ಕಳಿಸಿ.

ಹಂತ 4: ಕಾಯಿಲೆ ಬಿದ್ದಾಗ

ಜನ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಜ್ವರ, ಕೆಮ್ಮು, ಕಾಲು ಉಳುಕಿಗೆ ಎಮರ್ಜೆನ್ಸಿ ವಿಭಾಗಕ್ಕೆ ಓಡಬೇಡಿ. ಅರ್ಜೆಂಟ್ ಕೇರ್ ಎಂಬ ಕ್ಲಿನಿಕ್‌ಗಳಿವೆ, ಅಲ್ಲಿ ಬಿಲ್ ತುಂಬಾ ಕಡಿಮೆ. ಎದೆನೋವು, ಮಾತು ತೊದಲುವುದು, ಉಸಿರಾಟದ ತೊಂದರೆ ಆದರೆ ವಿಮೆಯ ಯೋಚನೆ ಬಿಟ್ಟು 911ಕ್ಕೆ ಕರೆ ಮಾಡಿ. 1986ರ ಅಲ್ಲಿನ ಕಾನೂನಿನ ಪ್ರಕಾರ ಆಸ್ಪತ್ರೆಗಳ ಎಮರ್ಜೆನ್ಸಿ ವಿಭಾಗ ಹಣದ ಮಾತಿಗೆ ಮೊದಲು ರೋಗಿಯನ್ನು ಪರೀಕ್ಷಿಸಲೇಬೇಕು, ಸ್ಥಿತಿ ಸುಧಾರಿಸುವಂತೆ ಚಿಕಿತ್ಸೆ ಕೊಡಲೇಬೇಕು. ಆದ್ದರಿಂದ ಕಾರ್ಡ್ ಸಿಗಲಿಲ್ಲ ಎಂದು ತಡ ಮಾಡಬೇಡಿ.

ರೋಗಿ ಒಳಗೆ ಹೋದ ಮೇಲೆ, ಸಾಧ್ಯವಾದರೆ ಅದೇ ಗಂಟೆಯಲ್ಲಿ, ಇಲ್ಲದಿದ್ದರೆ 24 ಗಂಟೆಯೊಳಗೆ ಪಾಲಿಸಿಯಲ್ಲಿರುವ ಸಹಾಯವಾಣಿಗೆ ಕರೆ ಮಾಡಿ. ಬೆಂಗಳೂರಿನ ಏಜೆಂಟ್‌ಗೆ ವಾಟ್ಸಾಪ್ ಕಳಿಸಿದರೆ ತಿಳಿಸಿದಂತೆ ಆಗುವುದಿಲ್ಲ. ರೆಫರೆನ್ಸ್ ನಂಬರ್, ಮಾತಾಡಿದವರ ಹೆಸರು, ಸಮಯ ಬರೆದುಕೊಳ್ಳಿ. ಅಡ್ಮಿಟ್ ಆದರೆ ಕ್ಯಾಶ್‌ಲೆಸ್‌ಗೆ ಪಾವತಿ ಖಾತರಿ ಪತ್ರವನ್ನು ಆಸ್ಪತ್ರೆಗೆ ಕಳಿಸಲು ಹೇಳಿ. ಹೊರರೋಗಿಯಾಗಿ ತೋರಿಸಿಕೊಂಡರೆ ಸಾಮಾನ್ಯವಾಗಿ ನೀವೇ ಹಣ ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು.

ಇನ್ನು ಬಿಲ್. ಅಮೆರಿಕದಲ್ಲಿ ಒಂದೇ ರಾತ್ರಿಯ ಚಿಕಿತ್ಸೆಗೆ ಒಂದೇ ಬಿಲ್ ಎಂದುಕೊಳ್ಳಬೇಡಿ. ಆಸ್ಪತ್ರೆಯದು ಒಂದು. ನೋಡಿದ ಡಾಕ್ಟರದು, ಸ್ಕ್ಯಾನ್ ಓದಿದವರದು, ಲ್ಯಾಬಿನದು, ಆಂಬುಲೆನ್ಸಿನದು ಬೇರೆ ಬೇರೆ ಬರಬಹುದು. ಕೆಲವು ವಾರಗಳ ನಂತರ ಅಂಚೆಯಲ್ಲಿ ಬರುತ್ತವೆ. ಅಷ್ಟರಲ್ಲಿ ಅಪ್ಪ-ಅಮ್ಮ ಮೈಸೂರಿಗೆ ವಾಪಸ್ ಬಂದಿರುತ್ತಾರೆ, ಲಕೋಟೆ ಮಗಳ ಮನೆಯ ಡ್ರಾಯರ್‌ನಲ್ಲಿ ಬಿದ್ದಿರುತ್ತದೆ. ಬಂದ ದಿನವೇ ಫೋಟೋ ತೆಗೆದು ಸಹಾಯವಾಣಿಗೆ ಕಳಿಸಬೇಕು, ಮೊದಲ ಕರೆಯ ರೆಫರೆನ್ಸ್ ನಂಬರ್ ಹಾಕಿ. ಆಸ್ಪತ್ರೆಯ ಕೌಂಟರ್‌ನಲ್ಲಿ ವಿಮೆ ವಿವರ ಬರೆಸಿ, ಇಲ್ಲದಿದ್ದರೆ ಸ್ವಂತ ಖರ್ಚಿನ ರೋಗಿ ಎಂದು ನೋಂದಾಯಿಸಿಕೊಳ್ಳುತ್ತಾರೆ.

"ಕಟ್ಟಬೇಕಾದ ಮೊತ್ತ ಇಷ್ಟು" ಎಂಬ ಒಂದು ಸಾಲಿನ ಕಾಗದ ಕ್ಲೇಮ್‌ಗೆ ಸಾಲದು. ಐಟಮೈಸ್ಡ್ ಬಿಲ್ ಎಂದೇ ಕೇಳಿ. ಅದರಲ್ಲಿ ಯಾವ ದಿನ ಯಾವ ಪರೀಕ್ಷೆ, ಯಾವ ಔಷಧಿ, ಪ್ರತಿಯೊಂದಕ್ಕೆ ಎಷ್ಟು ಎಂದು ಇರುತ್ತದೆ. ಕ್ರೆಡಿಟ್ ಕಾರ್ಡ್ ಸ್ಲಿಪ್ ಬಿಲ್ ಅಲ್ಲ, ಆದರೆ ಹಣ ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಅದೂ ಬೇಕು. ಡಿಸ್‌ಚಾರ್ಜ್ ಸಮ್ಮರಿಯನ್ನು ಆಸ್ಪತ್ರೆ ಬಿಡುವ ಮೊದಲೇ ಓದಿ. ಎರಡು ವರ್ಷದ ಕಾಯಿಲೆ ಇಪ್ಪತ್ತು ವರ್ಷ ಎಂದು ತಪ್ಪಾಗಿ ಬಿದ್ದಿದ್ದರೆ ಅಲ್ಲೇ ಸರಿಪಡಿಸಲು ಕೇಳಿ. ಕ್ಲೇಮ್ ತಿರಸ್ಕಾರವಾದ ಮೇಲೆ ತಿದ್ದಿಸಲು ಹೋದರೆ ಯಾರೂ ನಂಬುವುದಿಲ್ಲ.

ಹಂತ 5: ಕಾಗದ ಕಳಿಸಿ

ಕ್ಲೇಮ್ ಫಾರಂ, ಬಿಲ್‌ಗಳು, ರಸೀದಿ, ವೈದ್ಯರ ಟಿಪ್ಪಣಿ, ಪಾಸ್‌ಪೋರ್ಟ್ ಪ್ರತಿ, ಬೋರ್ಡಿಂಗ್ ಪಾಸ್, ರದ್ದು ಮಾಡಿದ ಚೆಕ್. ಅಮೆರಿಕ ಪ್ರವೇಶದ ಮುದ್ರೆ ಪಾಸ್‌ಪೋರ್ಟ್‌ನಲ್ಲಿ ಇಲ್ಲದಿದ್ದರೆ ನೀವು ಆ ದೇಶಕ್ಕೆ ಬಂದದ್ದನ್ನು ತೋರಿಸುವ ಐ-94 ಎಂಬ ಸರ್ಕಾರಿ ದಾಖಲೆಯನ್ನು ಆನ್‌ಲೈನ್‌ನಲ್ಲಿ ಇಳಿಸಿಕೊಳ್ಳಬಹುದು. ಮೂಲ ಪ್ರತಿ ಕಳಿಸುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿ.

ಬ್ಯಾಗ್ ಬರದಿದ್ದರೆ ವಿಮಾನ ನಿಲ್ದಾಣ ಬಿಡುವ ಮೊದಲೇ ವಿಮಾನ ಸಂಸ್ಥೆಯಿಂದ ಪಿಐಆರ್ ಎಂಬ ದೂರಿನ ಕಾಗದ ಪಡೆಯಿರಿ. ಅದಿಲ್ಲದೆ ಕ್ಲೇಮ್ ಮುಂದೆ ಹೋಗುವುದು ಕಷ್ಟ.

ಹಂತ 6: ಇಲ್ಲ ಎಂದರೆ

ಯಾವ ಷರತ್ತಿನ ಆಧಾರದ ಮೇಲೆ ತಿರಸ್ಕರಿಸಿದರು ಎಂದು ಲಿಖಿತವಾಗಿ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ಆನ್‌ಲೈನ್‌ನಲ್ಲೂ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ದೂರಿನಲ್ಲಿ ಸಂಕಟವನ್ನೆಲ್ಲ ಬರೆಯುತ್ತಾ ಹೋಗಬೇಡಿ. ಕಂಪನಿ ತೋರಿಸಿದ ಷರತ್ತಿನ ಸಂಖ್ಯೆ ಹಾಕಿ, ಅದು ನಿಮಗೆ ಯಾಕೆ ಅನ್ವಯಿಸುವುದಿಲ್ಲ ಎಂದು ನಾಲ್ಕು ಸಾಲಿನಲ್ಲಿ ಹೇಳಿ. ಜೊತೆಗೆ ಪ್ರೊಪೋಸಲ್ ಫಾರಂ (ಪಾಲಿಸಿ ಕೊಳ್ಳುವಾಗ ತುಂಬಿದ್ದು) ಮತ್ತು ಡಿಸ್‌ಚಾರ್ಜ್ ಸಮ್ಮರಿ ಲಗತ್ತಿಸಿ.