ಹಳೆ ಮನೆ ಮ್ಯೂಸಿಯಂಗೆ ದುಡ್ಡು ಎತ್ತೋದು ಹೇಗೆ: ಶಿರಸಿ, ಕಾರವಾರ ಕಡೆಯವರಿಗೆ

ಊರಿನ ಹಳೆ ಮನೆಯೊಂದನ್ನ ಮ್ಯೂಸಿಯಂ ಮಾಡೋಣ ಅಂತ ಮಾತು ಶುರುವಾದ್ರೆ ಮೊದಲ ಮೀಟಿಂಗಲ್ಲಿ ಎಲ್ಲರೂ ಹೌದ್ಹೌದು ಅಂತಾರೆ, ಎರಡನೇದ್ರಲ್ಲಿ ಅರ್ಧ ಜನ ಬರ್ತಾರೆ, ಮೂರನೇದ್ರಲ್ಲಿ "ದುಡ್ಡಿನ ವಿಷ್ಯ ನೀವೇ ನೋಡ್ಕಳಿ ಮಾರಾಯ್ರೆ, ನಿಮ್ಗೆ ಜನರ ಪರಿಚಯ ಉಂಟಲ್ಲ" ಅಂತ ಒಬ್ಬರ ತಲೆಗೆ ಕಟ್ಟಿ ಚಾ ಕುಡಿದು ಹೋಗ್ತಾರೆ. ಆ ಒಬ್ಬರು ನೀವಾಗಿದ್ರೆ ಇದನ್ನ ಓದಿ.

ಮೊದಲು ಒಂದು ಮಾತು. ರಿಪೇರಿಗೆ ದುಡ್ಡು ಹುಟ್ತದೆ. ಹೆಬ್ಬಾಗಿಲ ಕೆತ್ತನೆ, ಹಲಸಿನ ಕಂಬ, ಜಗುಲಿ ತೋರಿಸಿದ್ರೆ ಜನ ಕೊಡ್ತಾರೆ, ಉದ್ಘಾಟನೆಗೆ ಮಂತ್ರಿಗಳೂ ಬರ್ತಾರೆ. ಆದ್ರೆ ಉದ್ಘಾಟನೆ ಆದ್ಮೇಲೆ ಬರೋ ಜೂನ್ ತಿಂಗಳಿಗೆ ಯಾರೂ ಕೊಡೋದಿಲ್ಲ. ಹೆಂಚು ಕೈಯಾಡಿಸೋದು, ಒರಲೆ ಔಷಧಿ, ಕರೆಂಟ್ ಬಿಲ್, ದಿನಾ ಬಾಗಿಲು ತೆಗೆದು ಗುಡಿಸಿ ಬಂದವರಿಗೆ ಮನೆ ತೋರಿಸೋರ ಸಂಬಳ, ಇದಕ್ಕೆಲ್ಲ ಫೋಟೋ ಚಂದ ಬರೋದಿಲ್ಲ ನೋಡಿ, ಹಾಗಾಗಿ ದಾನಿಗಳೂ ಬರೋದಿಲ್ಲ. ನಮ್ಮ ಮಳೆಗೆ ಬೀಗ ಹಾಕಿಟ್ಟ ಮನೆ ಹೆಚ್ಚು ವರ್ಷ ತಡೆಯೋದಿಲ್ಲ ಅಂತ ಹೇಳ್ಬೇಕಾಗಿಲ್ಲ. ಅದ್ಕೇ ಮೊದಲ ದಿನದಿಂದ್ಲೇ ಎರಡು ಲೆಕ್ಕ ಬೇರೆ ಬೇರೆ ಇಡಿ: ಒಮ್ಮೆ ಬೇಕಾದ ದುಡ್ಡು, ವರ್ಷಾವರ್ಷಾ ಬೇಕಾದ ದುಡ್ಡು. ಎರಡನೇದೇ ಕಷ್ಟ, ಅದನ್ನೇ ಮೊದಲು ಕೇಳೋಕೆ ಶುರು ಮಾಡಿ.

ದುಡ್ಡಿಗೆ ಹೋಗೋ ಮುಂಚೆ ಕಾಗದ. ಮನೆ ಯಾರ ಹೆಸರಲ್ಲಿದೆ? ನಮ್ಮ ಕಡೆ ಹೆಚ್ಚಿನ ಹಳೆ ಮನೆ ಇನ್ನೂ ಅಜ್ಜನ ಹೆಸರಲ್ಲೇ ಇರ್ತದೆ, ಪಾಲು ಬಾಯಲ್ಲಿ ಆಗಿರ್ತದೆ, ಒಬ್ಬರು ಊರಲ್ಲಿ, ಒಬ್ಬರು ಬೆಂಗಳೂರಲ್ಲಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನ ಕೇಳೋದೇ ಮರ್ತುಬಿಡ್ತಾರೆ. ಅವರಿಗೂ ಹಕ್ಕಿದೆ, ಅವರ ಸಹಿನೂ ಬೇಕು, ನಂತರ ಗಲಾಟೆ ಆದ್ರೆ ದುಡ್ಡು ಕೊಟ್ಟವರು ಹಿಡ್ಕೊಳ್ಳೋದು ನಿಮ್ಮನ್ನ. ಮನೆಯನ್ನ ಟ್ರಸ್ಟಿಗೆ ದಾನಪತ್ರ ಮಾಡಿಸೋದು ಒಳ್ಳೇದು, ಅದಕ್ಕೆ ಮನಸ್ಸಾಗ್ಲಿಲ್ಲ ಅಂದ್ರೆ 30 ವರ್ಷದ ಲೀಸಾದ್ರೂ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆಗ್ಬೇಕು. ಪಂಚಾಯ್ತಿ ವ್ಯಾಪ್ತಿ ಆದ್ರೆ ಇ-ಸ್ವತ್ತು ಸರಿ ಇದೆಯಾ ನೋಡಿ. ಬಾಯಿಮಾತಲ್ಲಿ "ಮನೆ ಊರಿಗೇ ಬಿಟ್ಟದ್ದು" ಅಂದ್ರೆ ಯಾವ ಕಂಪನಿನೂ ಒಂದು ರೂಪಾಯಿ ಬಿಚ್ಚೋದಿಲ್ಲ.

ಆಮೇಲೆ ಟ್ರಸ್ಟ್ ಡೀಡ್, ಪ್ಯಾನ್, ಬ್ಯಾಂಕ್ ಖಾತೆ, ಆದಾಯ ತೆರಿಗೆಯ 12ಎಬಿ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ) ನೋಂದಣಿ. ಹೊಸ ಟ್ರಸ್ಟಿಗೆ ಮೊದಲು 3 ವರ್ಷಕ್ಕೆ ತಾತ್ಕಾಲಿಕ ನೋಂದಣಿ ಸಿಗ್ತದೆ, ಅದು ಮುಗಿಯೋ ಮುಂಚೆ ರೆಗ್ಯುಲರ್ ನೋಂದಣಿಗೆ ಮತ್ತೆ ಅರ್ಜಿ. ಈ ನಂಬರ್‌ಗಳೆಲ್ಲ 1961ರ ಹಳೆ ಕಾಯ್ದೆಯವು, 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರೆಲ್ಲ ಬೇರೆ, ಆದ್ರೆ ಜನರ ಬಾಯಲ್ಲಿ 80ಜಿ ಅಂತ್ಲೇ ಇರ್ತದೆ. ಒಬ್ಬ ಒಳ್ಳೆ ಆಡಿಟರನ್ನ ಹಿಡ್ಕೊಳ್ಳಿ, ಆಗೋದಾದ್ರೆ ಟ್ರಸ್ಟಿ ಮಾಡದೇ ಹೊರಗೇ ಇಡಿ, ಲೆಕ್ಕ ಬರೆಯೋರು ಒಬ್ಬರು ನೋಡೋರು ಇನ್ನೊಬ್ಬರು ಇದ್ರೇ ಚಂದ. ಇನ್ನೊಂದು, 80ಜಿ ಇದೆ ಅಂತ ಜೋರಾಗಿ ಹೇಳ್ಕೊಂಡು ಹೋಗ್ಬೇಡಿ. ಅದ್ರಲ್ಲಿ ಕೊಟ್ಟ ದುಡ್ಡಿನ ಅರ್ಧಕ್ಕೆ ವಿನಾಯಿತಿ, ಅದಕ್ಕೂ ಮಿತಿ ಇದೆ, 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ರೆ ಅದೂ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸ್ಕೊಂಡವರಿಗಂತೂ ಇದರಿಂದ ಏನೂ ಲಾಭ ಇಲ್ಲ, ಈಗ ಸಂಬಳದವರು ತುಂಬಾ ಜನ ಅದರಲ್ಲೇ ಇದಾರೆ. ತೆರಿಗೆ ಉಳಿತದೆ ಅಂತ ಕೊಡೋರು ಒಂದು ಸಲ ಕೊಡ್ತಾರೆ, ಮನೆ ಉಳೀಬೇಕು ಅಂತ ಕೊಡೋರು ಪ್ರತಿ ವರ್ಷ ಕೊಡ್ತಾರೆ.

ಇನ್ನು ಎಸ್ಟಿಮೇಟ್. ಮಾಮೂಲಿ ಇಂಜಿನಿಯರ್ ಹತ್ರ ಹೋದ್ರೆ "ಹೆಂಚಿನ ಮಾಡು ಇಳ್ಸಿ ಸ್ಲ್ಯಾಬ್ ಹಾಕಿಬಿಡಿ, ಒಂದೇ ಖರ್ಚು" ಅಂತಾರೆ. ಅವರಿಗೆ ಕೈ ಮುಗಿದು ಹೊರಗೆ ಬನ್ನಿ. ಚಿರೇಕಲ್ಲು, ಸುಣ್ಣದ ಗಾರೆ, ಮರದ ಮಾಡು ಗೊತ್ತಿರೋ ಕನ್ಸರ್ವೇಷನ್ ಆರ್ಕಿಟೆಕ್ಟ್ ಬೇಕು, ಜೊತೆಗೆ ಊರಿನ ಹಳೆ ಆಚಾರಿ ಬೇಕು. ಇಂಟ್ಯಾಕ್ ಅಂತ ಪರಂಪರೆ ಕಟ್ಟಡಗಳಿಗೇ ಕೆಲಸ ಮಾಡೋ ಸಂಸ್ಥೆ 1984ರಿಂದ ಇದೆ, ಅಂಥವರನ್ನ ಕೇಳಿದ್ರೆ ಜನ ಸಿಗ್ತಾರೆ. ಬಂದ ಎಸ್ಟಿಮೇಟನ್ನ ಹಾಗೇ ದಾನಿಗಳ ಮುಂದೆ ಇಡ್ಬೇಡಿ, ಅದು ನಮ್ಗೇ ಅರ್ಥ ಆಗೋದಿಲ್ಲ. ಒಂದೇ ಹಾಳೆ ಮಾಡಿ, ಪ್ರತಿ ಕೆಲಸಕ್ಕೆ ಒಂದು ಫೋಟೋ, ಒಂದು ಮೊತ್ತ: ನಡುಮನೆ ಮಾಡಿನ ಪಕಾಸು ರೀಪು ಬದಲಾವಣೆ ಇಷ್ಟು, ಜಗುಲಿ ನೆಲ ಇಷ್ಟು, ಬಾವಿ ಕಟ್ಟೆ ಇಷ್ಟು, ಹಳೆ ಕಾಗದಪತ್ರ ಸ್ಕ್ಯಾನ್ ಮಾಡೋದು ಇಷ್ಟು. ಸಣ್ಣ ಮೊತ್ತದ ಕೆಲಸ ಕೂಡಾ ಇರ್ಲಿ, ಐದು ಸಾವಿರ ಕೊಡೋರೂ ಒಂದು ಕೆಲಸಕ್ಕೆ ಬೆರಳು ತೋರಿಸಿ ಇದು ನಂದು ಅನ್ನೋ ಹಾಗೆ.

ವರ್ಷದ ಖರ್ಚಿಗೆ ಮೂಲನಿಧಿ, ಅಂದ್ರೆ ಅಸಲು ಮುಟ್ಟದೇ ಬಡ್ಡಿ ಮಾತ್ರ ಖರ್ಚು ಮಾಡೋ ಠೇವಣಿ, ಒಂದೇ ದಾರಿ. ಉದಾಹರಣೆಗೆ ವರ್ಷಕ್ಕೆ 3 ಲಕ್ಷ ಬೇಕು ಅಂತಿಟ್ಕೊಳ್ಳಿ, ಶೇಕಡಾ 6.5 ಬಡ್ಡಿ ಲೆಕ್ಕ ಹಾಕಿದ್ರೆ ಸುಮಾರು 46 ಲಕ್ಷ ಠೇವಣಿ ಇರ್ಬೇಕು. ಈ ನಂಬರ್ ಕೇಳಿ ಕಮಿಟಿಯವರು ಹೌಹಾರ್ತಾರೆ. ಹಾರ್ಲಿ. ಈಗ್ಲೇ ಹೌಹಾರೋದು ಒಳ್ಳೇದು. ಮೂಲನಿಧಿಗೆ ಕೊಡೋರ ಹತ್ರ "ಇದು ಮೂಲನಿಧಿಗೆ" ಅಂತ ಬರವಣಿಗೆಯಲ್ಲಿ ತಗೊಳ್ಳಿ, ಇಲ್ದಿದ್ರೆ ಅದು ಆ ವರ್ಷದ ಆದಾಯ ಅಂತ ಲೆಕ್ಕಕ್ಕೆ ಬಂದು ಖರ್ಚು ಮಾಡ್ಲೇಬೇಕಾದ ಪರಿಸ್ಥಿತಿ ಬರ್ತದೆ. ಹಾಗೇ ಶೇಕಡಾ ಒಂದು ಜಾಸ್ತಿ ಬಡ್ಡಿ ಕೊಡ್ತಾರೆ ಅಂತ ಯಾವುದೋ ಸೌಹಾರ್ದ ಸೊಸೈಟಿಯಲ್ಲಿ ಅಷ್ಟೂ ದುಡ್ಡು ಇಡೋ ಆಸೆ ನಮ್ಮ ಕಡೆ ಎಲ್ಲರಿಗೂ ಬರ್ತದೆ. ಬೇಡ. ಟ್ರಸ್ಟ್ ದುಡ್ಡು ಎಲ್ಲಿ ಇಡಬಹುದು ಅನ್ನೋದಕ್ಕೆ ತೆರಿಗೆ ಕಾನೂನಲ್ಲೇ ಪಟ್ಟಿ ಇದೆ, ಮತ್ತೆ ಬ್ಯಾಂಕ್ ಠೇವಣಿಗೆ ಇರೋ 5 ಲಕ್ಷದ ವಿಮೆ ಸೌಹಾರ್ದಗಳಿಗೆ ಇಲ್ಲ.

ಯಾರನ್ನ ಕೇಳೋದು, ಯಾವ ಕ್ರಮದಲ್ಲಿ. ಮೊದಲು ಟ್ರಸ್ಟಿಗಳು. ಎಲ್ಲರೂ ಕೊಡ್ಬೇಕು, ಮೊತ್ತ ಎಷ್ಟಾದ್ರೂ ಇರ್ಲಿ, ಒಬ್ಬರೂ ಬಿಡಬಾರ್ದು. "ನಾನು ಓಡಾಟ ಮಾಡ್ತೇನಲ್ಲ, ಅದೇ ನನ್ನ ದೇಣಿಗೆ" ಅನ್ನೋರು ಇರ್ತಾರೆ, ಅವರಿಂದ್ಲೂ ಒಂದು ಸಾವಿರ ತಗೊಳ್ಳಿ. ಯಾಕಂದ್ರೆ ಹೊರಗೆ ಹೋದಾಗ ಎದುರಿಗಿರೋರು ಕೇಳೋ ಮೊದಲ ಪ್ರಶ್ನೆ "ನೀವೆಷ್ಟು ಹಾಕಿದ್ರಿ?" ಆಮೇಲೆ ಆ ಮನೆತನದವರು, ಮುಂಬೈ ಬೆಂಗಳೂರಲ್ಲಿರೋ ಮೊಮ್ಮಕ್ಕಳು ಸೇರಿ. ಆಮೇಲೆ ಊರು ಮತ್ತು ಸೀಮೆ. ಆಮೇಲೆ ಸಹಕಾರಿ ಸಂಘಗಳು. ಶಿರಸಿ ಟಿಎಸ್‌ಎಸ್ (ಅಡಿಕೆ ತೋಟಗಾರರ ಮಾರಾಟ ಸಂಘ) 1923ರಲ್ಲಿ ಹುಟ್ಟಿದ್ದು, ಅಂಥ ಹಳೆ ಸಂಘಗಳ ಕಥೆನೂ ಈ ಮನೆಗಳ ಕಥೆನೂ ಒಂದೇ ತೋಟದ್ದು ಅಲ್ದಾ, ಆ ಸಂಬಂಧ ಹಿಡಿದು ಮಾತಾಡಿ. ಊರಿನ ಸೊಸೈಟಿಗೆ ಅರ್ಜಿ ಕೊಡೋದಾದ್ರೆ ಸೆಪ್ಟೆಂಬರ್ ಹೊತ್ತಿಗೆ ಸರ್ವಸಾಧಾರಣ ಸಭೆ ಇರ್ತದೆ, ಅದಕ್ಕೆ ಎರಡ್ಮೂರು ತಿಂಗಳು ಮೊದಲೇ ಆಡಳಿತ ಮಂಡಳಿ ಕೈಗೆ ಕಾಗದ ಹೋಗಿರ್ಬೇಕು.

ಕಂಪನಿಗಳ ಸಿಎಸ್‌ಆರ್ (ಲಾಭದಲ್ಲಿ ಒಂದು ಪಾಲು ಸಮಾಜದ ಕೆಲಸಕ್ಕೆ ಕೊಡೋ ದುಡ್ಡು) ಕೊನೆಗೆ. ಎಲ್ಲರೂ ಮೊದಲು ಇದನ್ನೇ ಹೇಳ್ತಾರೆ, "ಕೈಗಾದವರು ಕೊಡ್ತಾರಂತೆ, ದಾಂಡೇಲಿ ಪೇಪರ್ ಮಿಲ್‌ನವರು ಕೊಡ್ತಾರಂತೆ" ಅಂತ. ಕೊಡಬಹುದು, ಕೇಳೋದ್ರಲ್ಲಿ ತಪ್ಪಿಲ್ಲ, 2013ರ ಕಂಪನಿ ಕಾಯ್ದೆಯ 7ನೇ ಶೆಡ್ಯೂಲಲ್ಲಿ ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರ ಅಂತ ಸ್ಪಷ್ಟವಾಗೇ ಇದೆ. ಆದ್ರೆ ಟ್ರಸ್ಟಿಗೆ 3 ವರ್ಷದ ಕೆಲಸದ ದಾಖಲೆ, 12ಎಬಿ, 80ಜಿ, ಸಿಎಸ್‌ಆರ್-1 ನಂಬರ್ (ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಮಾಡಿಸೋ ನೋಂದಣಿ) ಎಲ್ಲ ಬೇಕು. ಮುಖ್ಯ ವಿಷಯ, ಸಿಎಸ್‌ಆರ್ ದುಡ್ಡನ್ನ ಮೂಲನಿಧಿಗೆ ಹಾಕೋ ಹಾಗಿಲ್ಲ. ಅಂದ್ರೆ ಮಾಡು ರಿಪೇರಿಗೆ ಬರ್ತದೆ, ಜೂನ್ ತಿಂಗಳಿಗೆ ಬರೋದಿಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದ ಮ್ಯೂಸಿಯಂ ಅನುದಾನ ಯೋಜನೆನೂ ಇದೆ, ಅದ್ರಲ್ಲೂ ಒಂದು ಪಾಲು ನಾವೇ ಹಾಕ್ಬೇಕು, ಹಾಗಾಗಿ ಊರಿನ ದುಡ್ಡು ಕೈಯಲ್ಲಿದ್ರೆ ಮಾತ್ರ ಆ ಬಾಗಿಲು ತಟ್ಟಿ.

ಹೊತ್ತು ನೋಡಿ ಕೇಳಿ, ಇದನ್ನ ಪೇಟೆಯ ಕನ್ಸಲ್ಟೆಂಟ್‌ಗಳು ಹೇಳಿಕೊಡೋದಿಲ್ಲ. ಘಟ್ಟದ ಮೇಲೆ ಅಡಿಕೆ ಕೊಯ್ಲು ಮುಗಿದು ಚಾಲಿ ಒಣಗಿ ಸೊಸೈಟಿಗೆ ಹೋದ್ಮೇಲೆ, ಅಂದ್ರೆ ಮಾರ್ಚ್‌ನಿಂದ ಮೇ ತನಕ, ಕೈಯಲ್ಲಿ ನಾಲ್ಕು ಕಾಸಿರ್ತದೆ. ಜುಲೈ ಆಗಸ್ಟಲ್ಲಿ ಕೊಳೆ ರೋಗ ಬಂದು ತೋಟದ ತುಂಬ ಹಸಿ ಅಡಿಕೆ ಉದುರ್ತಾ ಇರೋವಾಗ ರಸೀದಿ ಪುಸ್ತಕ ಹಿಡ್ಕೊಂಡು ಹೋದ್ರೆ ಚಾ ಕೊಟ್ಟು ಕಳಿಸ್ತಾರೆ ಅಷ್ಟೇ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಕಾರವಾರ ಅಂಕೋಲಾ ಕಡೆ ಆಗ ಕೇಳೋದೇ ತಪ್ಪು. ಹೊರಗಿರೋರಿಗೆ ಚೌತಿ. ಮುಂಬೈ ಗೋವಾದಲ್ಲಿರೋ ಕಾರವಾರದವರು ಯಾವ ಹಬ್ಬಕ್ಕೆ ತಪ್ಪಿಸಿದ್ರೂ ಚೌತಿಗೆ ತಪ್ಪಿಸೋದಿಲ್ಲ. ಶಿರಸಿಯವರಾದ್ರೆ ಎರಡು ವರ್ಷಕ್ಕೊಮ್ಮೆ ಬರೋ ಮಾರಿಕಾಂಬೆ ಜಾತ್ರೆ. ಜಾತ್ರೆ ಗದ್ದಲದಲ್ಲಿ ದುಡ್ಡು ಕೇಳ್ಬೇಡಿ ಮತ್ತೆ, ಆಗ ಮನೆ ತೋರಿಸಿ, ಫೋನ್ ನಂಬರ್ ತಗೊಳ್ಳಿ, ಹದಿನೈದು ದಿನ ಬಿಟ್ಟು ಫೋನ್ ಮಾಡಿ.

ಕೇಳೋ ರೀತಿ ಬಗ್ಗೆ. ವಾಟ್ಸಾಪ್ ಗ್ರೂಪಿಗೆ ಕ್ಯೂಆರ್ ಕೋಡ್ ಹಾಕಿ ಕೂತ್ರೆ ಕೈ ಮುಗಿಯೋ ಚಿತ್ರ ಬರ್ತದೆ, ದುಡ್ಡು ಬರೋದಿಲ್ಲ. ದೊಡ್ಡ ಮೊತ್ತ ಎದುರಾಎದುರು ಕೂತು ಕೇಳಿದ್ರೇ ಬರೋದು, ಇಬ್ಬರು ಹೋಗಿ, ಒಬ್ಬರು ಅವರ ನೆಂಟರೋ ಸ್ನೇಹಿತರೋ ಆಗಿರ್ಲಿ. ಸಾಧ್ಯ ಆದ್ರೆ ಅವರನ್ನೇ ಆ ಮನೆ ಜಗುಲಿಗೆ ಕರ್ಕೊಂಡು ಬನ್ನಿ. ಮೊತ್ತ ಬಾಯಿಬಿಟ್ಟು ಹೇಳಿ. "ಹೆಗಡೇರೆ, ನಡುಮನೆ ಮಾಡಿಗೆ ನಾಲ್ಕು ಲಕ್ಷ ಬೇಕು, ಅದರಲ್ಲಿ ಒಂದು ಲಕ್ಷ ನಿಮ್ಮದಾಗ್ಲಿ ಅಂತ ಬಂದ್ವಿ" ಅಂತ ಹೇಳಿ, ಹೇಳಿದ ಮೇಲೆ ಸುಮ್ಮನೆ ಕೂತ್ಕೊಳ್ಳಿ. ನಮ್ಮವರಿಗೆ ಈ ಸುಮ್ಮನೆ ಕೂತ್ಕೊಳ್ಳೋದೇ ಆಗೋದಿಲ್ಲ, ಸಂಕೋಚಕ್ಕೆ "ನಿಮ್ಗೆ ಕಂಡಷ್ಟು ಕೊಡಿ" ಅಂದುಬಿಡ್ತೇವೆ, ಅವರೂ ಸಂಕೋಚಕ್ಕೆ ಐನೂರ ಒಂದು ಕೊಟ್ಟು ಮುಗಿಸ್ತಾರೆ. "ಈ ವರ್ಷ ಆಗೋದಿಲ್ಲ" ಅಂದ್ರೆ ಅದು ಇಲ್ಲ ಅಂತಲ್ಲ, ಮುಂದಿನ ಕೊಯ್ಲಾದ್ಮೇಲೆ ಬರ್ಲಾ ಅಂತ ಅಲ್ಲೇ ಕೇಳಿ ಡೈರಿಯಲ್ಲಿ ಬರ್ಕೊಳ್ಳಿ.

ಮನೆಯ ಕಥೆ ಗಟ್ಟಿಯಾಗಿರ್ಬೇಕು. ಕಾರವಾರಕ್ಕೆ ಟಾಗೋರರ ಹೆಸರಿದೆ, ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರನಾಥ ಬಂದು ಉಳಿದಿದ್ರು, ಅದೊಂದೇ ಸಾಕು ಬೀಚಿಗೆ ಹೆಸರಿಡೋಕೆ. ನಿಮ್ಮ ಮನೆಗೆ ಟಾಗೋರರು ಬಂದಿರ್ಲಿಕ್ಕಿಲ್ಲ. ಆದ್ರೆ 1930ರ ಅಂಕೋಲೆ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೇ ಅಂಕೋಲಾ ಸಿದ್ದಾಪುರ ಕಡೆಯ ಕರನಿರಾಕರಣೆ, ಇವುಗಳ ನೆನಪು ಇರೋ ಮನೆ ಈ ಜಿಲ್ಲೆಯಲ್ಲಿ ಎಷ್ಟು ಬೇಕಾದ್ರೂ ಇವೆ. ಅಜ್ಜಿ ಹೇಳಿದ್ದು ಅಂತ ಬಿಡದೇ ಕಾಗದ ಹುಡುಕಿ, ಜಪ್ತಿ ನೋಟಿಸು, ಹಳೆ ಪಹಣಿ, ಪತ್ರ, ಫೋಟೋ. ನಮ್ಮ ಜಿಲ್ಲೆ 1862ರಿಂದ 1956ರ ತನಕ ಮುಂಬೈ ಆಡಳಿತದಲ್ಲಿತ್ತು, ಹಾಗಾಗಿ ಮುಂಬೈಯ ಪತ್ರಾಗಾರಕ್ಕೂ ಯಾರನ್ನಾದ್ರೂ ಕಳಿಸಿ ನೋಡಿ. ಒಂದು ಗಟ್ಟಿ ಕಾಗದ ಹತ್ತು ಭಾಷಣಕ್ಕಿಂತ ಜಾಸ್ತಿ ದುಡ್ಡು ತರ್ತದೆ.

ಸಹಾಯಾರ್ಥ ಯಕ್ಷಗಾನ ಇಡೋಣ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಆಟ ಚಂದ ಆಗ್ತದೆ, ಮೇಳದ ಖರ್ಚು, ಶಾಮಿಯಾನ, ಮೈಕು, ಊಟ ಎಲ್ಲ ಕಳೆದ್ರೆ ಉಳಿಯೋದು ಸುಸ್ತು ಮಾತ್ರ, ಅದೂ ಪಾಸ್ ಕೇಳೋರೇ ಜಾಸ್ತಿ. ಖರ್ಚಷ್ಟೂ ಒಬ್ಬ ಪ್ರಾಯೋಜಕರು ಮೊದಲೇ ಒಪ್ಕೊಂಡ್ರೆ ಮಾತ್ರ ಮಾಡಿ. ಅದಕ್ಕಿಂತ ಆ ಮನೆ ಜಗುಲಿಯಲ್ಲೇ ಸಂಜೆ ಒಂದು ತಾಳಮದ್ದಲೆ ಇಡಿ, ನಲ್ವತ್ತು ಐವತ್ತು ಜನರನ್ನ ಹೆಸರು ಹಿಡಿದು ಕರೀರಿ, ಪಾನಕ ಕೊಡಿ. ಅವತ್ತು ದುಡ್ಡಿನ ಮಾತೇ ಬೇಡ, ಯಾರು ಕಂಬ ಮುಟ್ಟಿ ನೋಡ್ತಾರೆ, ಯಾರು ಅಟ್ಟ ಹತ್ತಿ ನೋಡ್ತೇನೆ ಅಂತಾರೆ ಅಂತ ಗಮನಿಸಿ, ಆಮೇಲೆ ಅವರ ಮನೆಗೇ ಹೋಗಿ.

ವಿದೇಶದ ದುಡ್ಡು ಅಂದ್ರೆ ಹುಷಾರು. ಅಮೆರಿಕದಲ್ಲಿರೋ ಊರಿನ ಹುಡುಗ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಕೊಂಡಿದ್ರೆ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು, ಪಾಸ್‌ಪೋರ್ಟ್ ಪ್ರತಿ ಒಂದು ಫೈಲಲ್ಲಿ ಇಡಿ. ಅಲ್ಲಿನ ಪೌರತ್ವ ತಗೊಂಡಿದ್ರೆ, ಒಸಿಐ ಕಾರ್ಡ್ (ವಿದೇಶಿ ಪೌರತ್ವ ಇರೋ ಭಾರತ ಮೂಲದವರಿಗೆ ಕೊಡೋದು) ಇದ್ರೂ ಸಹ, ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ದೇ ಒಂದು ಡಾಲರ್ ಕೂಡಾ ಮುಟ್ಟೋ ಹಾಗಿಲ್ಲ. ಯಾರೋ ಪ್ರೀತಿಯಿಂದ ಹಾಕಿದ್ರು ಅಂತ ಸುಮ್ನಿದ್ರೆ ಟ್ರಸ್ಟಿಗೇ ಕಂಟಕ.

ರಸೀದಿ ಅವತ್ತೇ ಕೊಡಿ, ಪ್ಯಾನ್ ನಂಬರ್ ಅವತ್ತೇ ತಗೊಳ್ಳಿ. ದಾನಿಗಳ ಪಟ್ಟಿಯನ್ನ ತೆರಿಗೆ ಇಲಾಖೆಗೆ ಮೇ 31ರ ಒಳಗೆ ಸಲ್ಲಿಸೋದು ಇಷ್ಟು ವರ್ಷದ ಕ್ರಮ, ತಡ ಆದ್ರೆ ದಿನಕ್ಕೆ 200 ರೂಪಾಯಿ ದಂಡ. ಬಾಗಿಲ ಹತ್ರ ಹುಂಡಿ ಇಟ್ರೆ ಹೆಸರಿಲ್ಲದ ದುಡ್ಡಿಗೂ ಮಿತಿ ಇದೆ, ಒಂದು ಲಕ್ಷ ಅಥವಾ ಒಟ್ಟು ದೇಣಿಗೆಯ ಶೇಕಡಾ 5, ಯಾವುದು ಹೆಚ್ಚೋ ಅದನ್ನ ದಾಟಿದ್ದಕ್ಕೆ ಶೇಕಡಾ 30 ತೆರಿಗೆ. ಹುಂಡಿ ಪಕ್ಕದಲ್ಲೇ ಒಂದು ಪುಸ್ತಕ ಪೆನ್ನು ಇಟ್ರೆ ಅರ್ಧ ತಲೆಬಿಸಿ ಕಡಿಮೆ. ವರ್ಷಕ್ಕೊಮ್ಮೆ ಒಂದು ಹಾಳೆ ಲೆಕ್ಕ ಎಲ್ಲ ದಾನಿಗಳಿಗೆ ಕಳಿಸಿ, ಐನೂರು ಕೊಟ್ಟವರಿಗೂ.

ಬೇಡ ಅನ್ನೋದನ್ನೂ ಕಲೀಬೇಕು. ಹತ್ತು ಲಕ್ಷ ಕೊಡ್ತೇನೆ ಹೆಬ್ಬಾಗಿಲ ಮೇಲೆ ನಮ್ಮ ಅಪ್ಪಯ್ಯನ ಹೆಸರು ಗ್ರಾನೈಟಲ್ಲಿ ಹಾಕ್ಸಿ ಅನ್ನೋರು ಬರ್ತಾರೆ, ಹಿತ್ತಲ ಗೋಡೆಯಲ್ಲಿ ಎಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಮರದ ಹಲಗೆಗೆ ಬರೆಸ್ತೇವೆ ಅಂತ ಹೇಳಿ. ಒಪ್ಪದಿದ್ರೆ ಬಿಡಿ. ದುಡ್ಡಿನ ಬದಲು ಅಟ್ಟದಲ್ಲಿದ್ದ ಒರಳು, ಕಡಗೋಲು, ಕೊಳಗ, ಮುರಿದ ತೊಟ್ಟಿಲು ತಂದು ಸುರಿಯೋರೂ ಇದಾರೆ, ಸಾಮಾನು ಜಾಸ್ತಿ ಆದಷ್ಟೂ ಒರಲೆಗೂ ಜಾಸ್ತಿ, ಗುಡಿಸೋರಿಗೂ ಜಾಸ್ತಿ. ನಿಜವಾಗಿ ಬೇಕಾದ ಸಾಮಾನು ಬಂದ್ರೆ ಯಾರು ಕೊಟ್ಟದ್ದು, ಖಾಯಂ ಕೊಟ್ಟದ್ದಾ ಅಥವಾ ಇಡೋಕೆ ಕೊಟ್ಟದ್ದಾ ಅಂತ ಬರೆಸಿ ಸಹಿ ತಗೊಳ್ಳಿ, ಇಲ್ದಿದ್ರೆ ಮಗಳ ಮದುವೆಗೆ ಕಂಚಿನ ದೀಪ ವಾಪಸ್ ಬೇಕು ಅಂತ ಏಪ್ರಿಲಲ್ಲಿ ಬಂದು ನಿಲ್ತಾರೆ.